ಯೋಗ್ಯತೆಗೆ ಮೀರಿದ ಕೀರ್ತಿ: ಒಂದು ವಿಮರ್ಶಾಸಮಸ್ಯೆ

೧

ಒಂದು ಕೃತಿಯನ್ನು ಕುರಿತು 'ಇದು ಚೆನ್ನಾಗಿಲ್ಲ' ಎನ್ನುವುದು ಒಂದು ಬಗೆಯ ತೀರ್ಪು. 'ಇದಕ್ಕೆ ಬಂದಿರುವ ಕೀರ್ತಿ ಇದರ ಯೋಗ್ಯತೆಗೆ ಮೀರಿದುದು' ಎನ್ನುವುದು ಬೇರೊಂದು ಬಗೆಯ ತೀರ್ಪು. ಮೊದಲನೆಯದಕ್ಕೆ ಕೃತಿಯೊಂದನ್ನೇ ಪರಿಶೀಲಿಸಿದರೆ ಸಾಕು. ಎರಡನೆಯದನ್ನು ಹೇಳಬೇಕಾದರೆ ಕೃತಿಯನ್ನೂ ತೂಗಬೇಕು, ಅದರ ಕೀರ್ತಿಯನ್ನೂ ತೂಗಬೇಕು. ಹಾಡು, ಚಲನಚಿತ್ರ, ಕಾದಂಬರಿ, ಈಚಿನ ಗಣಕಯಂತ್ರದ ಆಟ ಇವುಗಳ ವಿಷಯದಲ್ಲಿ ವಿದ್ಯಾರ್ಥಿಗಳು ದಿನವೂ ಈ ಎರಡನೆಯ ತೀರ್ಪನ್ನು ಕೊಡುತ್ತಿರುತ್ತಾರೆ. ಪ್ರಾಚೀನ ಕಾವ್ಯಗಳ ವಿಷಯದಲ್ಲಿ ಅದನ್ನು ಮನಸ್ಸಿನಲ್ಲಿಯೇ ಇಟ್ಟುಕೊಳ್ಳುತ್ತಾರೆ. ಅಧ್ಯಾಪಕರ ಮುಂದೆ ಅದನ್ನು ಆಡಲು ಅವರಿಗೆ ಧೈರ್ಯವಿಲ್ಲ.

ಈ ಪ್ರಶ್ನೆಯನ್ನು ಎತ್ತಿಕೊಳ್ಳಲು ನಮಗೆ ಪ್ರೇರಣೆಯಾದುದು ಒಂದು ಸಣ್ಣ ಪ್ರಸಂಗ. ಆಂತರಿಕ ಪರೀಕ್ಷೆಯೊಂದರಲ್ಲಿ ಲಕ್ಷ್ಮೀಶನ ಜೈಮಿನಿ ಭಾರತದ ಕಾವ್ಯಗುಣವನ್ನು ವಿವರಿಸುವಂತೆ ಪ್ರಶ್ನೆ ಕೇಳಿದ್ದೆವು. ಒಬ್ಬ ವಿದ್ಯಾರ್ಥಿನಿ, ಈ ಕಾವ್ಯಕ್ಕೆ ಸಂದಿರುವ ಹೊಗಳಿಕೆ ಅತಿಯಾದುದೆಂದೂ ಶ್ಲೇಷಯಮಕಗಳ ನಡುವೆ ತನಗೆ ಭಾವವೇ ದೊರೆಯಲಿಲ್ಲವೆಂದೂ ಎರಡು ಉದಾಹರಣೆಗಳನ್ನು ಕೊಟ್ಟು ಬರೆದಿದ್ದಳು. ಇನ್ನೊಬ್ಬ ವಿದ್ಯಾರ್ಥಿ ನಮ್ಮ ಪಾಠದ ಟಿಪ್ಪಣಿಯಲ್ಲಿದ್ದ ಪ್ರಶಂಸೆಯನ್ನು ಯಥಾವತ್ತಾಗಿ ಒಪ್ಪಿಸಿದ್ದನು. ನಾವು ಎರಡನೆಯ ಉತ್ತರಕ್ಕೆ ಹೆಚ್ಚು ಅಂಕಗಳನ್ನು ಕೊಟ್ಟೆವು. ಆ ಎರಡು ಉತ್ತರಗಳಲ್ಲಿ ಕಾವ್ಯವನ್ನು ಓದಿ ಬರೆದದ್ದು ಯಾವುದು ಎಂಬ ಸಂದೇಹ ಬಹುದಿನ ನಮ್ಮನ್ನು ಬಾಧಿಸಿತು. ಕೀರ್ತಿ ಯೋಗ್ಯತೆಯನ್ನು ಮೀರುವುದು ಹೇಗೆ, ಮೀರಿದೆ ಎಂದು ತೋರುವುದು ಯಾವಾಗ, ಹಾಗೆ ತೋರಿದುದೆಲ್ಲ ನಿಜವೇ ಎಂಬ ಮೂರು ಅಂಶಗಳನ್ನು ವಿಚಾರಮಾಡುವುದು ಪ್ರಕೃತ ಲೇಖನದ ಉದ್ದೇಶ.

೨

ಜನಪ್ರಿಯತೆಯನ್ನು ಕುರಿತು ಎರಡು ಅಭಿಪ್ರಾಯಗಳು ಬಳಕೆಯಲ್ಲಿವೆ. ಬಹುಜನ ಮೆಚ್ಚಿದ್ದರಲ್ಲಿ ಗುಣವಿದ್ದೇ ಇರಬೇಕು ಎಂಬುದು ಒಂದು. ಬಹುಜನ ಮೆಚ್ಚಿದ್ದು ಕೀಳಾಗಿಯೇ ಇರಬೇಕು ಎಂಬುದು ಇನ್ನೊಂದು. ಇವೆರಡೂ ಊಹೆಗಳೇ. ಈ ಶತಮಾನದಲ್ಲಿ ಇವುಗಳನ್ನು ಪ್ರಯೋಗದಿಂದ ಪರೀಕ್ಷಿಸುವ ಅವಕಾಶವೊಂದು ಒದಗಿತು. ಮ್ಯಾಥ್ಯೂ ಸಾಲ್ಗನಿಕ್, ಪೀಟರ್ ಡಾಡ್ಸ್, ಡಂಕನ್ ವಾಟ್ಸ್ ಎಂಬ ಮೂವರು ಸಂಶೋಧಕರು ೨೦೦೬ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ನೋಡಬಹುದು.

ಅವರು ಹೆಸರು ಕೇಳದ ವಾದ್ಯಗೋಷ್ಠಿಗಳ ೪೮ ಹಾಡುಗಳನ್ನು ಆರಿಸಿ, ಅಂತರಜಾಲದ ಮೂಲಕ ೧೪,೩೪೧ ಮಂದಿ ಕೇಳುಗರ ಮುಂದಿಟ್ಟರು. ಕೇಳುಗರು ಹಾಡನ್ನು ಕೇಳಿ, ಬೇಕಾದರೆ ತಮಗಾಗಿ ಇಳಿಸಿಕೊಳ್ಳಬಹುದಾಗಿತ್ತು. ಒಂದು ಗುಂಪಿಗೆ ಹಾಡಿನ ಹೆಸರು, ಗೋಷ್ಠಿಯ ಹೆಸರು ಇಷ್ಟನ್ನೇ ತೋರಿಸಲಾಯಿತು. ಉಳಿದವರನ್ನು ಎಂಟು ಪ್ರತ್ಯೇಕ ಗುಂಪುಗಳಾಗಿ ವಿಂಗಡಿಸಿ, ಆಯಾ ಗುಂಪಿನಲ್ಲಿ ಹಿಂದೆ ಬಂದವರು ಯಾವ ಹಾಡನ್ನು ಎಷ್ಟು ಸಲ ಇಳಿಸಿಕೊಂಡರೆಂಬ ಲೆಕ್ಕವನ್ನೂ ತೋರಿಸಲಾಯಿತು. ಹಾಡುಗಳು ಎಲ್ಲ ಗುಂಪುಗಳಿಗೂ ಒಂದೇ. ಕೀರ್ತಿ ಕೇವಲ ಗುಣದ ಪ್ರತಿಬಿಂಬವಾಗಿದ್ದರೆ ಎಂಟು ಗುಂಪುಗಳಲ್ಲಿಯೂ ಒಂದೇ ಹಾಡು ಮೊದಲಾಗಬೇಕಾಗಿತ್ತು. ಹಾಗಾಗಲಿಲ್ಲ. ಒಂದು ಗುಂಪಿನಲ್ಲಿ ಮೇಲೇರಿದ ಹಾಡು ಇನ್ನೊಂದರಲ್ಲಿ ನಡುವೆಯೋ ಕೆಳಗೋ ಉಳಿಯಿತು. ಅಲ್ಲದೆ, ಇತರರ ಆಯ್ಕೆಯನ್ನು ಕಾಣಬಲ್ಲವರ ಗುಂಪುಗಳಲ್ಲಿ ಗೆದ್ದ ಹಾಡಿಗೂ ಸೋತ ಹಾಡಿಗೂ ನಡುವಣ ಅಂತರ ಹೆಚ್ಚಾಯಿತು. ಹಾಡುಗಳನ್ನು ಜನಪ್ರಿಯತೆಯ ಕ್ರಮದಲ್ಲಿಯೇ ಜೋಡಿಸಿ ತೋರಿಸಿದಾಗ ಆ ಅಂತರ ಇನ್ನೂ ಬೆಳೆಯಿತು.

ಆದರೆ ಈ ಪ್ರಯೋಗದ ಇನ್ನೊಂದು ಮುಖವನ್ನು ಮರೆಯಬಾರದು. ತಾವಾಗಿಯೇ ಆರಿಸಿದವರ ಗುಂಪಿನಲ್ಲಿ ಅತ್ಯುತ್ತಮವೆನಿಸಿದ ಹಾಡುಗಳು ಇತರ ಗುಂಪುಗಳಲ್ಲಿ ತೀರ ಕೆಳಗಿಳಿದದ್ದು ಅಪರೂಪ. ಅತ್ಯಂತ ಕಳಪೆಯವು ತುದಿಗೇರಿದ್ದೂ ಅಪರೂಪ. ನಡುವಣ ಹಾಡುಗಳ ಗತಿ ಮಾತ್ರ ಹೇಗೆ ಬೇಕಾದರೂ ಆಗಬಹುದಾಗಿತ್ತು. ಆದುದರಿಂದ ಕೀರ್ತಿ ಗುಣದಿಂದ ಸಂಪೂರ್ಣವಾಗಿ ಬೇರ್ಪಟ್ಟುದಲ್ಲ. ಗುಣಕ್ಕೆ ಸರಿಯಾದ ಪ್ರಮಾಣದಲ್ಲಿ ಇರುವಂಥದೂ ಅಲ್ಲ. ಹತ್ತರಲ್ಲಿ ಎರಡು ಪಾಲು ಮೇಲಾದ ಕೃತಿಗೆ ನೂರು ಪಾಲು ಹೆಚ್ಚಿನ ಕೀರ್ತಿ ಬರಬಹುದು. ಆ ಹೆಚ್ಚುವರಿ ಕೀರ್ತಿಯನ್ನೇ ನಾವು 'ಯೋಗ್ಯತೆಗೆ ಮೀರಿದುದು' ಎಂದು ಗುರುತಿಸುತ್ತೇವೆ. ಈ ಹೆಚ್ಚಳ ಕೃತಿಯ ತಪ್ಪಲ್ಲ. ಅದನ್ನು ಮೆಚ್ಚಿದ ಒಬ್ಬೊಬ್ಬರ ತಪ್ಪೂ ಅಲ್ಲ. ಮುಂದೆ ಹೋದವರ ಹೆಜ್ಜೆ ಕಾಣುವ ಕಡೆಗೆ ಹಿಂದಿನವರು ನಡೆಯುವ ಸಹಜವಾದ ವ್ಯವಹಾರದ ಫಲ ಅದು.

ಮತ್ತೊಂದು ಕಾರಣ ಪರಿಚಯ. ಮತ್ತೆ ಮತ್ತೆ ಕಂಡದ್ದು ಹಿತವೆನಿಸುತ್ತದೆಂಬುದನ್ನು ಮನಶ್ಶಾಸ್ತ್ರಜ್ಞ ರಾಬರ್ಟ್ ಜಯಾಂಕ್ ೧೯೬೮ರಲ್ಲಿ ಪ್ರತಿಪಾದಿಸಿದರು. ಜೇಮ್ಸ್ ಕಟಿಂಗ್ ಎಂಬ ಪ್ರಾಧ್ಯಾಪಕರು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿ ಫ್ರೆಂಚ್ ಇಂಪ್ರೆಷನಿಸ್ಟ್ ಚಿತ್ರಗಳನ್ನು ತೆಗೆದುಕೊಂಡು ಇದನ್ನು ಪರೀಕ್ಷಿಸಿ ೨೦೦೩ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಪುಸ್ತಕಗಳಲ್ಲಿ ಹೆಚ್ಚು ಸಲ ಅಚ್ಚಾದ ಚಿತ್ರಗಳನ್ನೇ ನೋಡುಗರು ಹೆಚ್ಚಾಗಿ ಮೆಚ್ಚುತ್ತಿದ್ದರು. ಆದರೆ ತರಗತಿಯೊಂದರಲ್ಲಿ ಅವಧಿಯುದ್ದಕ್ಕೂ ಅಷ್ಟಾಗಿ ಅಚ್ಚಾಗದ ಚಿತ್ರಗಳನ್ನು, ಯಾವ ವ್ಯಾಖ್ಯಾನವೂ ಇಲ್ಲದೆ, ಪದೇ ಪದೇ ತೋರಿಸಿದಾಗ ಆ ಪಕ್ಷಪಾತ ಕಾಣದಾಯಿತು. ಇದನ್ನು ಓದಿದವರು ಶ್ರೇಷ್ಠತೆಯೆಂಬುದೆಲ್ಲ ಕೇವಲ ಅಭ್ಯಾಸಬಲವೆಂದು ನಿರ್ಣಯಿಸುವ ಅಪಾಯವಿದೆ. ಅದಕ್ಕೆ ಉತ್ತರವಾಗಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ನಡೆದು ೨೦೧೩ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗವಿದೆ. ಅಲ್ಲಿ ಥಾಮಸ್ ಕಿಂಕೇಡ್ ಎಂಬ ಅಮೆರಿಕದ ಅತಿ ಜನಪ್ರಿಯ ಚಿತ್ರಕಾರನ ಚಿತ್ರಗಳನ್ನು ಪದೇ ಪದೇ ತೋರಿಸಿದಾಗ ಮೆಚ್ಚಿಕೆ ಬೆಳೆಯುವುದಕ್ಕೆ ಬದಲಾಗಿ ಕುಗ್ಗಿತು. ೧೯ನೆಯ ಶತಮಾನದ ಜಾನ್ ಎವರೆಟ್ ಮಿಲೇಯ ಚಿತ್ರಗಳ ವಿಷಯದಲ್ಲಿ ಹಾಗಾಗಲಿಲ್ಲ. ಎಂದರೆ ಪರಿಚಯ ಎರಡು ಕೆಲಸಗಳನ್ನು ಮಾಡಬಲ್ಲುದು: ಕೆಲವಕ್ಕೆ ಪ್ರೀತಿಯನ್ನು ತರುತ್ತದೆ, ಕೆಲವುಗಳ ಬಡತನವನ್ನು ಬಯಲುಮಾಡುತ್ತದೆ. ಒಂದೇ ಹಾಡು ಮೊದಲನೆಯ ವಾರ ಎಲ್ಲೆಡೆ ಮೊಳಗಿ ಮೂರನೆಯ ತಿಂಗಳಿಗೆ ಸಾಕೆನಿಸುವುದೂ, ಇನ್ನೊಂದು ಮೂವತ್ತು ವರ್ಷವಾದರೂ ಸಾಕೆನಿಸದಿರುವುದೂ ಈ ಕಾರಣದಿಂದಲೇ ಇರಬಹುದು.

೩

ಮೇಲಿನದು ಸಾಮಾನ್ಯರ ಕೀರ್ತಿಯ ಮಾತಾಯಿತು. ಪಂಡಿತರು ಕೊಡುವ ಕೀರ್ತಿ ಇಂಥ ದೋಷಗಳಿಂದ ಮುಕ್ತವೆಂದು ತಿಳಿಯುವಂತಿಲ್ಲ. ಬ್ರಿಟಿಷ್ ಫಿಲ್ಮ್ ಇನ್ಸ್ಟಿಟ್ಯೂಟಿನ 'ಸೈಟ್ ಅಂಡ್ ಸೌಂಡ್' ಪತ್ರಿಕೆ ೧೯೫೨ರಿಂದ ಹತ್ತು ವರ್ಷಕ್ಕೊಮ್ಮೆ ವಿಮರ್ಶಕರ ಮತವನ್ನು ಸಂಗ್ರಹಿಸಿ, ಸರ್ವಶ್ರೇಷ್ಠ ಚಲನಚಿತ್ರಗಳ ಪಟ್ಟಿಯನ್ನು ಪ್ರಕಟಿಸುತ್ತ ಬಂದಿದೆ. ಮೊದಲ ಪಟ್ಟಿಯಲ್ಲಿ ಮೊದಲನೆಯದು ವಿತ್ತೋರಿಯೊ ದೆ ಸೀಕಾನ 'ಬೈಸಿಕಲ್ ಥೀವ್ಸ್'. ಆಗ ಅದು ಬಂದು ನಾಲ್ಕೇ ವರ್ಷವಾಗಿತ್ತು. ೧೯೪೧ರಲ್ಲಿ ಬಂದ ಆರ್ಸನ್ ವೆಲ್ಸ್‌ನ 'ಸಿಟಿಜನ್ ಕೇನ್' ಆ ಪಟ್ಟಿಯ ಮೊದಲ ಹತ್ತರಲ್ಲಿಯೂ ಇರಲಿಲ್ಲ. ೧೯೬೨ರಲ್ಲಿ ಅದೇ ಚಿತ್ರ ಮೊದಲನೆಯದಾಯಿತು. ೨೦೦೨ರವರೆಗೆ ಐದು ಪಟ್ಟಿಗಳಲ್ಲಿ ಆ ಸ್ಥಾನವನ್ನು ಉಳಿಸಿಕೊಂಡಿತು. ೨೦೧೨ರಲ್ಲಿ ಹಿಚ್‌ಕಾಕ್‌ನ 'ವರ್ಟಿಗೊ', ೨೦೨೨ರಲ್ಲಿ ಶಾಂತಾಲ್ ಆಕರ್‌ಮನ್ ಅವರ 'ಜಾನ್ ಡಿಲ್ಮನ್' ಮೊದಲ ಸ್ಥಾನಕ್ಕೆ ಬಂದುವು. ಈ ಎಪ್ಪತ್ತು ವರ್ಷಗಳಲ್ಲಿ ಈ ಚಿತ್ರಗಳ ಒಂದು ದೃಶ್ಯವೂ ಬದಲಾಗಿಲ್ಲ. ಮತ ಕೊಡುವವರು ಬದಲಾದರು, ಅವರ ಸಂಖ್ಯೆ ಬೆಳೆಯಿತು, ಕಲೆಯಿಂದ ಅವರು ಬಯಸಿದ್ದು ಬದಲಾಯಿತು.

'ಸಿಟಿಜನ್ ಕೇನ್' ಅನ್ನು ಇಂದು ಮೊದಲ ಬಾರಿಗೆ ನೋಡುವ ವಿದ್ಯಾರ್ಥಿಗೆ 'ಇದರಲ್ಲೇನಿದೆ?' ಎನಿಸುವುದಕ್ಕೆ ಮತ್ತೊಂದು ಕಾರಣವೂ ಉಂಟು. ಹತ್ತಿರದ್ದೂ ದೂರದ್ದೂ ಏಕಕಾಲದಲ್ಲಿ ಸ್ಪಷ್ಟವಾಗಿ ಕಾಣುವ ಛಾಯಾಗ್ರಹಣ, ಹಲವರ ನೆನಪುಗಳ ಮೂಲಕ ಒಬ್ಬನ ಜೀವನವನ್ನು ಜೋಡಿಸುವ ಕಥನಕ್ರಮ ಮೊದಲಾದುವು ಆ ಚಿತ್ರದಿಂದಾಗಿ ಹಲವರ ಸ್ವತ್ತಾದುವು. ವಿದ್ಯಾರ್ಥಿ ಅವುಗಳನ್ನು ಮೊದಲು ಕಂಡದ್ದು ಅನುಕರಣೆಗಳಲ್ಲಿ. ಮೂಲವನ್ನು ನೋಡುವ ಹೊತ್ತಿಗೆ ಅವನಿಗೆ ಅದೇ ಅನುಕರಣೆಯಂತೆ ತೋರುತ್ತದೆ. ಮಾರ್ಗಪ್ರವರ್ತಕ ಕೃತಿಗಳಿಗೆಲ್ಲ ಈ ಅನ್ಯಾಯ ತಪ್ಪದು. ಅವುಗಳ ಗೆಲವೇ ಅವುಗಳ ಹೊಸತನವನ್ನು ಅಳಿಸಿಬಿಡುತ್ತದೆ.

೪

ಈ ಮಾತುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ನಮ್ಮ ವಿದ್ಯಾರ್ಥಿನಿ ಎತ್ತಿದ ಪ್ರಶ್ನೆಗೆ ಹಿಂದಿರುಗೋಣ. ದೇವನೂರಿನ ಲಕ್ಷ್ಮೀಶನ ಕಾಲದ ವಿಷಯದಲ್ಲಿ ವಿದ್ವಾಂಸರು ಒಮ್ಮತಕ್ಕೆ ಬಂದಿಲ್ಲವಾದರೂ ಅವನ ಜೈಮಿನಿ ಭಾರತ ಕೆಲವು ಶತಮಾನಗಳಿಂದ ನಾಡಿನಲ್ಲಿ ಓದಿಸಿಕೊಳ್ಳುತ್ತ ಬಂದುದರ ವಿಷಯದಲ್ಲಿ ಸಂದೇಹವಿಲ್ಲ. 'ಕರ್ಣಾಟ ಕವಿಚೂತವನ ಚೈತ್ರ' ಎಂಬ ಬಿರುದು ಅವನ ಹೆಸರಿನೊಂದಿಗೆ ಬೆಸೆದುಕೊಂಡಿದೆ. ವೆಸ್ಲಿಯನ್ ಮಿಷನಿನ ಡೇನಿಯಲ್ ಸ್ಯಾಂಡರ್ಸನ್ ೧೮೫೨ರಲ್ಲಿಯೇ ಬೆಂಗಳೂರಿನಲ್ಲಿ ಈ ಕಾವ್ಯವನ್ನು ಇಂಗ್ಲಿಷ್ ಅನುವಾದ ಟಿಪ್ಪಣಿಗಳೊಡನೆ ಅಚ್ಚುಮಾಡಿಸಿದರು. ಇ. ಪಿ. ರೈಸ್ ಅವರ ಕನ್ನಡ ಸಾಹಿತ್ಯಚರಿತ್ರೆಯೂ ಇದಕ್ಕೆ ವಿಶೇಷ ಸ್ಥಾನವನ್ನು ಕೊಟ್ಟಿದೆ.

ಇಲ್ಲಿ ಒಂದು ಕಾಲಕ್ರಮವನ್ನು ಗಮನಿಸಬೇಕು. ೧೦ನೆಯ ಶತಮಾನದ ಪಂಪನ ವಿಕ್ರಮಾರ್ಜುನ ವಿಜಯ ಬಿ. ಎಲ್. ರೈಸ್ ಅವರ ಪ್ರಯತ್ನದಿಂದ ಅಚ್ಚಾದುದು ೧೮೯೮ರಲ್ಲಿ, ಎಂದರೆ ಸ್ಯಾಂಡರ್ಸನ್ನರ ಜೈಮಿನಿ ಭಾರತ ಬಂದ ೪೬ ವರ್ಷಗಳ ಮೇಲೆ. ಲಕ್ಷ್ಮೀಶನನ್ನು ಕನ್ನಡದ ಅಗ್ರಕವಿಯೆಂದು ಕೊಂಡಾಡಿದ ಆ ಕಾಲದ ಬಹುಪಾಲು ಓದುಗರ ಕೈಯಲ್ಲಿ ಪಂಪನಿರಲಿಲ್ಲ. ಸ್ಕಾಟ್ಲೆಂಡಿನ ತತ್ತ್ವಜ್ಞಾನಿ ಡೇವಿಡ್ ಹ್ಯೂಮ್ ೧೭೫೭ರ ತನ್ನ ಪ್ರಬಂಧವೊಂದರಲ್ಲಿ ಅಭಿರುಚಿಯ ಯೋಗ್ಯ ನಿರ್ಣಾಯಕನಿಗೆ ಇರಬೇಕಾದ ಗುಣಗಳಲ್ಲಿ ತೋಲನದ ಅಭ್ಯಾಸವನ್ನೂ ಸೇರಿಸಿದ್ದಾನೆ. ಹಲವು ಬಗೆಯ ಶ್ರೇಷ್ಠತೆಯನ್ನು ಕಾಣದವನು ಕಂಡ ಒಂದನ್ನೇ ಪರಮವೆಂದು ತಿಳಿಯುವುದು ಸಹಜ. ಅಂದಿನ ಪ್ರಶಂಸೆಯಲ್ಲಿ ಅತಿಯಾದ ಅಂಶವೊಂದಿದ್ದರೆ ಅದು ಈ 'ಅಗ್ರ' ಎಂಬ ಮಾತು. ಕಾವ್ಯದ ಸೊಗಸನ್ನು ಕುರಿತು ಅವರು ಆಡಿದ್ದು ಅದರಿಂದ ಸುಳ್ಳಾಗುವುದಿಲ್ಲ.

ಮುಂದೆ ಪಂಪನೂ ರನ್ನನೂ ಅಚ್ಚಿನಲ್ಲಿ ದೊರೆತರು. ಪಾತ್ರದ ಗಾಂಭೀರ್ಯ, ಜೀವನದರ್ಶನ, ದುರಂತಪ್ರಜ್ಞೆ ಎಂಬ ಹೊಸ ಮಾನದಂಡಗಳು ಕಾಲೇಜುಗಳಲ್ಲಿ ಬಳಕೆಗೆ ಬಂದುವು. ಷಟ್ಪದಿ ಕವಿಗಳಲ್ಲಿಯೇ ಕುಮಾರವ್ಯಾಸ ಮೇಲೆದ್ದು ನಿಂತನು. ಕುವೆಂಪು, ಮಾಸ್ತಿ ಇವರ ಸಂಪಾದಕತ್ವದಲ್ಲಿ ೧೯೫೮ರಲ್ಲಿ ಬಂದ ಕರ್ಣಾಟ ಭಾರತ ಕಥಾಮಂಜರಿ ಅವನನ್ನು ಮನೆಮನೆಗೆ ತಲಪಿಸಿತು. ಈ ಮಾನದಂಡಗಳಿಂದ ಅಳೆದಾಗ ಲಕ್ಷ್ಮೀಶನು ಶಬ್ದಚಮತ್ಕಾರದ ಕವಿಯಾಗಿ ಕಂಡನು. ಅವನನ್ನು ಕುರಿತ ಹಳೆಯ ಹೊಗಳಿಕೆ ಮಾತ್ರ ಪಠ್ಯಪುಸ್ತಕಗಳ ಮುನ್ನುಡಿಗಳಲ್ಲಿ ಹಾಗೆಯೇ ಉಳಿಯಿತು. ವಿದ್ಯಾರ್ಥಿನಿಗೆ ಹೊಗಳಿಕೆ ಅತಿಯೆನಿಸಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಅವಳಿಗೆ ನಾವು ಒಂದು ಕಾಲದ ಬೆಲೆಯನ್ನು ಹೇಳಿ ಇನ್ನೊಂದು ಕಾಲದ ತಕ್ಕಡಿಯನ್ನು ಕೈಗೆ ಕೊಟ್ಟಿದ್ದೆವು.

ಆದರೆ ಅವಳ ತೀರ್ಪೂ ಸಂಪೂರ್ಣವಾಗಿ ಸರಿಯೇ? ವಾರ್ಧಕ ಷಟ್ಪದಿಯಲ್ಲಿ ಬರೆದ ಈ ಕಾವ್ಯ ಕಿವಿಗಾಗಿ ಕಟ್ಟಿದ್ದು. ಗಮಕಿಯ ಕಂಠದಲ್ಲಿ ಪ್ರಾಸ, ಯಮಕ, ಪದಗಳ ಪುನರಾವೃತ್ತಿ ಇವು ನೆನಪಿಗೆ ಆಧಾರವಾಗಿ, ಲಯಕ್ಕೆ ಮೆಟ್ಟಿಲಾಗಿ ಕೆಲಸಮಾಡುತ್ತವೆ. ಅವುಗಳನ್ನೇ ಪರೀಕ್ಷೆಯ ಹಿಂದಿನ ರಾತ್ರಿ ಮೌನವಾಗಿ, ಪದಾರ್ಥಕೋಶವನ್ನು ಪಕ್ಕದಲ್ಲಿಟ್ಟುಕೊಂಡು ಓದಿದರೆ ಭಾರವೆನಿಸದೆ ಹೋಗುವುದಿಲ್ಲ. ಯಕ್ಷಗಾನದಲ್ಲಿ ಸುಧನ್ವ, ಚಂದ್ರಹಾಸ, ಬಭ್ರುವಾಹನರ ಪ್ರಸಂಗಗಳು ರಾತ್ರಿಯಿಡೀ ಜನರನ್ನು ಹಿಡಿದಿಟ್ಟಿವೆ. ಈ ಕಥೆಗಳ ಜೀವಶಕ್ತಿಗೆ ಅದೊಂದು ಸಾಕ್ಷಿ. ಆ ಕೇಳ್ಮೆಯ ಪರಿಸರದಿಂದ ಕಾವ್ಯವನ್ನು ಕಿತ್ತು ತಂದು, ಬಳಿಕ ಅದರಲ್ಲಿ ಜೀವವಿಲ್ಲವೆಂದು ದೂರುವುದು ನ್ಯಾಯವಲ್ಲ.

ಶಬ್ದಚಮತ್ಕಾರದ ಆಕ್ಷೇಪವನ್ನೂ ಇಡಿಯಾಗಿ ಒಪ್ಪುವುದಾಗಲಿ ಇಡಿಯಾಗಿ ತಳ್ಳಿಹಾಕುವುದಾಗಲಿ ಸಾಧ್ಯವಿಲ್ಲ. ಚಂದ್ರಹಾಸನ ಕಥೆಯನ್ನೇ ನೋಡಬಹುದು. ಮಂತ್ರಿ ದುಷ್ಟಬುದ್ಧಿ ಚಂದ್ರಹಾಸನ ಕೈಯಲ್ಲಿಯೇ ಓಲೆಯನ್ನು ಕೊಟ್ಟು, ಅವನಿಗೆ ವಿಷವನ್ನು ಕೊಡುವಂತೆ ತನ್ನ ಮಗನಿಗೆ ಬರೆದಿರುತ್ತಾನೆ. ಉದ್ಯಾನದಲ್ಲಿ ಮಲಗಿ ನಿದ್ರಿಸುತ್ತಿರುವ ತರುಣನನ್ನು ಕಂಡು ಮರುಳಾದ ಮಂತ್ರಿಯ ಮಗಳು ವಿಷಯೆ ಆ ಓಲೆಯನ್ನು ಬಿಚ್ಚಿ ಓದಿ, ತಂದೆ ಅಕ್ಷರ ತಪ್ಪಿ ಬರೆದಿರಬೇಕೆಂದು ಬಗೆದು, ಕಣ್ಣಿನ ಕಾಡಿಗೆಯಿಂದ 'ವಿಷ'ವನ್ನು 'ವಿಷಯೆ'ಯನ್ನಾಗಿ ತಿದ್ದುತ್ತಾಳೆ. ಒಂದು ಅಕ್ಷರದಿಂದ ಮರಣ ಮದುವೆಯಾಗಿ ಮಾರ್ಪಡುತ್ತದೆ. ಇಲ್ಲಿ ಶಬ್ದದ ಆಟ ಅಲಂಕಾರವಲ್ಲ, ಕಥೆಯ ಕೀಲು. ಹುಡುಗಿಯ ಮುಗ್ಧತೆ, ಅವಳ ಚಾತುರ್ಯ, ತಂದೆಯಲ್ಲಿ ಅವಳಿಗಿರುವ ಅನರ್ಹವಾದ ನಂಬಿಕೆ ಮೂರೂ ಆ ಒಂದು ಅಕ್ಷರದಲ್ಲಿ ಕೂಡಿಬಂದಿವೆ. ಶಬ್ದಗಳೊಡನೆ ಆಡುವುದನ್ನು ಬಲ್ಲ ಕವಿಗೆ ತಕ್ಕ ಸನ್ನಿವೇಶ ಇದು. ಇದಕ್ಕೆ ಪ್ರತಿಯಾಗಿ ಪುರವರ್ಣನೆ, ವನವರ್ಣನೆಗಳ ಎಷ್ಟೋ ಕಡೆ ಶ್ಲೇಷ ಶ್ಲೇಷಕ್ಕಾಗಿಯೇ ಬಂದಿದೆ. ಅಲ್ಲಿ ಕಥೆ ನಿಂತು ಕವಿಯ ವಿದ್ವತ್ತು ನಡೆಯುತ್ತದೆ. ಸೀತಾಪರಿತ್ಯಾಗದಲ್ಲಿ, ಕಾಡಿನ ಮೃಗಪಕ್ಷಿಗಳು ತಮ್ಮ ತಮ್ಮ ವ್ಯಾಪಾರಗಳನ್ನು ಮರೆತು ಸೀತೆಯ ಅಳಲಿಗೆ ಮರುಗುವ ಚಿತ್ರದಲ್ಲಿ ಅದೇ ಕವಿ ಚಮತ್ಕಾರವನ್ನು ಹಿಂದೆ ಸರಿಸಿ ಕರುಣಕ್ಕೆ ದಾರಿಬಿಟ್ಟಿದ್ದಾನೆ.

ನಮ್ಮ ವಿದ್ಯಾರ್ಥಿನಿಯ ಎರಡು ಉದಾಹರಣೆಗಳೂ ವರ್ಣನಾಭಾಗದವು. ಆ ಮಟ್ಟಿಗೆ ಅವಳ ಆಕ್ಷೇಪ ನಿಜ. ಅದನ್ನು ಇಡೀ ಕಾವ್ಯಕ್ಕೆ ಹಬ್ಬಿಸಿದ್ದು ಅವಳ ತಪ್ಪು. ಉತ್ತರದ ಅಂಚಿನಲ್ಲಿ ಈ ಎರಡು ಮಾತುಗಳನ್ನು ಬರೆಯದೆ ಕೇವಲ ಅಂಕವನ್ನು ಇಳಿಸಿದ್ದು ನಮ್ಮ ತಪ್ಪು.

೫

ಕಾವ್ಯಾನುಭವಕ್ಕೆ ಬರುವ ಅಡ್ಡಿಗಳನ್ನು ಭಾರತೀಯ ಕಾವ್ಯಮೀಮಾಂಸಕರು ಸೂಕ್ಷ್ಮವಾಗಿ ವಿಚಾರಮಾಡಿದ್ದಾರೆ. ಅಭಿನವಗುಪ್ತನು ನಾಟ್ಯಶಾಸ್ತ್ರದ ವ್ಯಾಖ್ಯಾನದಲ್ಲಿ ಏಳು ರಸವಿಘ್ನಗಳನ್ನು ಎಣಿಸುತ್ತಾನೆ. ಅವುಗಳಲ್ಲಿ ಎರಡು ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿವೆ. ಪ್ರೇಕ್ಷಕನು ತನ್ನ ಸ್ವಂತ ಸುಖದುಃಖಗಳಿಗೆ ವಶನಾಗಿರುವುದು ಒಂದು. ಪ್ರತೀತಿಯ ಉಪಾಯಗಳು ಕುಂದಾಗಿರುವುದು ಇನ್ನೊಂದು. ಗಮಕವನ್ನು ಕೇಳದೆ ಜೈಮಿನಿ ಭಾರತವನ್ನು ತೀರ್ಮಾನಿಸುವುದು ಎರಡನೆಯ ವಿಘ್ನಕ್ಕೆ ಉದಾಹರಣೆ. ಕೀರ್ತಿಯನ್ನು ನಾವು ಮೊದಲನೆಯದರ ಒಂದು ಪ್ರಭೇದವೆಂದು ಎಣಿಸಬಹುದೆಂದು ತೋರುತ್ತದೆ. ಕೃತಿ ಪ್ರಸಿದ್ಧವೆಂದು ಮೊದಲೇ ಕೇಳಿದವನು ಅದರೆದುರು ಸಹೃದಯನಾಗಿ ಕುಳಿತುಕೊಳ್ಳುವುದಿಲ್ಲ, ಸಾಕ್ಷಿಯನ್ನು ಪಾಟೀಸವಾಲಿಗೆ ಗುರಿಪಡಿಸುವ ವಕೀಲನಾಗಿ ಕುಳಿತುಕೊಳ್ಳುತ್ತಾನೆ. ಮೆಚ್ಚಿದರೆ ಗುಂಪಿನಲ್ಲಿ ಒಬ್ಬನಾದೆನೆಂಬ ಸಂಕೋಚ, ಮೆಚ್ಚದಿದ್ದರೆ ಅರಸಿಕನೆನಿಸಿಕೊಂಡೇನೆಂಬ ಅಂಜಿಕೆ. ಎರಡೂ ಅವನ ಸ್ವಂತ ಸುಖದುಃಖಗಳೇ. ಎರಡಕ್ಕೂ ಕೃತಿಯೊಡನೆ ಸಂಬಂಧವಿಲ್ಲ.

ಅತಿಯಾದ ಕೀರ್ತಿಯಿಂದ ನಷ್ಟವಾಗುವುದು ಯಾರಿಗೆ? ಕೃತಿಯನ್ನು ಮೆಚ್ಚಿದವನಿಗೆ ನಷ್ಟವಿಲ್ಲ. ಅವನ ಸಂತೋಷ ನಿಜವಾದುದೇ. ನಷ್ಟ ಮುಖ್ಯವಾಗಿ ನೆರೆಯ ಕೃತಿಗಳಿಗೆ. ಒಂದು ಅವಧಿಯ ಪಾಠಕ್ಕೆ ಗೊತ್ತಾದ ಗಂಟೆಗಳಿವೆ, ಒಂದು ಜೀವನದ ಓದಿಗೂ ಗೊತ್ತಾದ ವರ್ಷಗಳಿವೆ. ಎಲ್ಲರೂ ಒಂದನ್ನೇ ನೋಡುತ್ತಿರುವಾಗ ಪಕ್ಕದಲ್ಲಿರುವುದು ಕಾಣದೆ ಹೋಗುತ್ತದೆ. ಮೇಲೆ ಹೇಳಿದ ಹಾಡುಗಳ ಪ್ರಯೋಗವನ್ನು ಮುಂದುವರಿಸಿ ಸಾಲ್ಗನಿಕ್, ವಾಟ್ಸ್ ಇಬ್ಬರೂ ೨೦೦೮ರಲ್ಲಿ ಪ್ರಕಟಿಸಿದ ಫಲಿತಾಂಶ ಇಲ್ಲಿ ಸ್ಮರಣೀಯ. ಜನಪ್ರಿಯತೆಯ ಕ್ರಮವನ್ನು ತಲೆಕೆಳಗುಮಾಡಿ ಸುಳ್ಳು ಲೆಕ್ಕವನ್ನು ತೋರಿಸಿದಾಗ ಬಹುಪಾಲು ಹಾಡುಗಳ ವಿಷಯದಲ್ಲಿ ಆ ಸುಳ್ಳು ತನ್ನನ್ನು ತಾನೇ ನಿಜಮಾಡಿಕೊಂಡಿತು. ಆದರೂ ಅತ್ಯುತ್ತಮ ಹಾಡುಗಳಲ್ಲಿ ಕೆಲವು ಕಾಲಕ್ರಮದಲ್ಲಿ ಮತ್ತೆ ಮೇಲೇರಿದುವು. ಅಷ್ಟರಲ್ಲಿ ಒಟ್ಟು ಹಾಡುಗಳನ್ನು ಇಳಿಸಿಕೊಂಡವರ ಸಂಖ್ಯೆಯೇ ಕಡಿಮೆಯಾಗಿತ್ತು. ಒಪ್ಪದ ಹೊಗಳಿಕೆ ಜನರನ್ನು ಒಂದು ಹಾಡಿನಿಂದಲ್ಲ, ಹಾಡುಗಳಿಂದಲೇ ದೂರಮಾಡಬಹುದೆಂದಾಯಿತು. ತರಗತಿಯಲ್ಲಿ ನಾವು ಅನುಭವಕ್ಕೆ ಬಾರದ ಹೊಗಳಿಕೆಯನ್ನು ಒಪ್ಪಿಸಿದಾಗಲೂ ಇದೇ ಅಪಾಯವಿದೆ. ವಿದ್ಯಾರ್ಥಿ ಲಕ್ಷ್ಮೀಶನನ್ನು ಮಾತ್ರ ಬಿಡುವುದಿಲ್ಲ. ಹಳಗನ್ನಡ, ನಡುಗನ್ನಡಗಳೆಲ್ಲವೂ ಇಂಥವೇ ಎಂದು ಬಗೆದು ಪುಸ್ತಕವನ್ನು ಮುಚ್ಚುತ್ತಾನೆ.

ಆದುದರಿಂದ 'ಯೋಗ್ಯತೆಗೆ ಮೀರಿದ ಕೀರ್ತಿ' ಎಂಬ ತೀರ್ಪನ್ನು ನಾವು ನಿಷೇಧಿಸಬೇಕಾಗಿಲ್ಲ. ಅದನ್ನು ಪೂರ್ಣವಾಗಿ ಹೇಳುವಂತೆ ಕೇಳಬೇಕು. ಹೊಗಳಿದವರು ಯಾರು, ಯಾವಾಗ, ಯಾವುದನ್ನು ಮುಂದಿಟ್ಟುಕೊಂಡು, ಕೃತಿಯ ಯಾವ ಗುಣವನ್ನು ಹೊಗಳಿದರು? ಆ ಗುಣ ಕೃತಿಯಲ್ಲಿ ಇಲ್ಲವೇ, ಇದ್ದೂ ನಮಗೆ ಗೋಚರವಾಗಲಿಲ್ಲವೇ, ಅಥವಾ ಗೋಚರವಾಗಿಯೂ ಇಂದು ನಮಗೆ ಬೇಡವಾಗಿದೆಯೇ? ಈ ಮೂರೂ ಬೇರೆ ಬೇರೆ. ಮೊದಲನೆಯದು ಕೃತಿಯ ದೋಷ, ಎರಡನೆಯದು ನಮ್ಮ ದೋಷ, ಮೂರನೆಯದು ಯಾರ ದೋಷವೂ ಅಲ್ಲ, ಕಾಲದ ಗತಿ. ಇಷ್ಟನ್ನು ವಿಂಗಡಿಸಿ ಹೇಳಬಲ್ಲ ವಿದ್ಯಾರ್ಥಿಯ ನಿಂದೆ, ವಿಂಗಡಿಸದ ಪ್ರಶಂಸೆಗಿಂತ ಹೆಚ್ಚು ಬೆಲೆಯುಳ್ಳದ್ದು. ಅಂಕಗಳೂ ಅದನ್ನು ಅನುಸರಿಸಬೇಕು.

ನಮ್ಮ ವಿಭಾಗದಲ್ಲಿ ಜೈಮಿನಿ ಭಾರತದ ಪಾಠವನ್ನು ಈಗ ಗಮಕ ವಾಚನದೊಂದಿಗೆ ಪ್ರಾರಂಭಿಸುತ್ತಿದ್ದೇವೆ. ಕವಿಯ ಬಿರುದು, ಹಿಂದಿನವರ ಅಭಿಪ್ರಾಯಗಳು ಇವುಗಳನ್ನು ಕೊನೆಗೆ ಇಟ್ಟುಕೊಂಡಿದ್ದೇವೆ. ಇದರಿಂದ ಎಲ್ಲರೂ ಕಾವ್ಯವನ್ನು ಮೆಚ್ಚುತ್ತಾರೆಂದು ಹೇಳಲಾರೆವು. ಮೆಚ್ಚದವರು ಕಾರಣವನ್ನು ಕಾವ್ಯದಿಂದಲೇ ತೆಗೆದು ತೋರಿಸುತ್ತಿದ್ದಾರೆ. ಇತರ ಕಾವ್ಯಗಳ ವಿಷಯದಲ್ಲಿಯೂ ಇಂಥ ಪರಿಶೀಲನೆ ನಡೆಯಬೇಕಾಗಿದೆ. ಬೇರೆ ಕಾಲೇಜುಗಳ ಅಧ್ಯಾಪಕಮಿತ್ರರು ತಮ್ಮ ಅನುಭವವನ್ನು ತಿಳಿಸಿದರೆ ಈ ವಿಚಾರವನ್ನು ಮುಂದುವರಿಸಲು ಅನುಕೂಲವಾಗುತ್ತದೆ.